ಭೂಮಿಯ ಮೇಲಿನ ಅತಿ ಅಗಲದ ಬಾಗಿಲು

ಮನುಷ್ಯ ಕಟ್ಟಿದ ಕಟ್ಟಡಗಳಲ್ಲೆಲ್ಲ ಎತ್ತರದ್ದು ದುಬೈಯಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಅದರ ನೆತ್ತಿಯ ಕೊನೆಯ ಬೋಲ್ಟು ಬಿಗಿದವನು ಠಾಣಾ ಕುಶನೂರಿನ ಗೋರಖನಾಥ ಎಂಬುದು ಮಾತ್ರ ಕೆಲವರಿಗೇ ಗೊತ್ತು. ನಾನೊಬ್ಬನೇ ಎಷ್ಟು ಜನರಿಗೆ ಅಂತ ಹೇಳಲಿ? ಅಲ್ಲಿ ನಿಂತು ಕತ್ತು ತಿರುಗಿಸಿದರೆ ಬೀದರ ಕೋಟೆ ಕಾಣುತ್ತಿತ್ತು. ಕಣ್ಣು ಸ್ವಲ್ಪ ಕಿರಿದು ಮಾಡಿದರೆ ನಮ್ಮ ಅಕ್ಕ ಚಂದ್ರಭಾಗಾ ಅಂಗಳದಲ್ಲಿ ತೊಗರಿ ಒಣಹಾಕುವುದೂ ಕಾಣುತ್ತಿತ್ತು. ನಾನು ಕೆಳಗೆ ಸಿಮೆಂಟಿನ ಗೋದಾಮಿನ ಬಾಗಿಲು ಕಾಯುತ್ತಿದ್ದೆ ಎಂದು ಹೇಳುವ ಜನವೂ ಊರಲ್ಲಿದ್ದಾರೆ. ಹೊಟ್ಟೆಕಿಚ್ಚಿಗೆ ಔಷಧವಿಲ್ಲ.

ಈ ಸಲ ತೊಗರಿ ಹೂ ಬಿಡುವ ಹೊತ್ತಿಗೆ ಭಾಲ್ಕಿ ಬಸ್ಸಿನಲ್ಲಿ ಒಂದು ಸುದ್ದಿ ಬಂದಿಳಿಯಿತು. ನಮ್ಮ ಔರಾದ ತಾಲೂಕಿನಲ್ಲಿ, ಅದರಲ್ಲೂ ನಮ್ಮೂರಿನ ಕರಿ ಭೂಮಿಯ ಮೇಲೆ, ಜಗತ್ತಿನಲ್ಲೇ ಅತಿ ದೊಡ್ಡದೊಂದನ್ನು ಕಟ್ಟುತ್ತಾರಂತೆ. ಏನದು ಎಂದು ಯಾರಿಗೂ ಗೊತ್ತಿಲ್ಲ. ಗೋಪುರ ಎಂದರು ಕೆಲವರು. ಬಿಸಿಲು ಹಿಡಿಯುವ ಕನ್ನಡಿಗಳ ಕಾಡು ಎಂದರು ಕೆಲವರು. ಚಿಂತಾಕಿ ಊರಿನವರು ಮಾತ್ರ ಗೋಡೆ ಎಂದರು. ಅದರ ಮುಂದೆ ಚೀನಾದ ಗೋಡೆ ಹೊಲದ ಬದುವಿನಂತೆ ಕಾಣುತ್ತದಂತೆ. ಮೂರಕ್ಕೂ ಜಾಗ ಬೇಕು, ಜಾಗವೆಂದರೆ ನಮ್ಮ ಹೊಲ.

ಅದಾದ ಮೇಲೆ ಔರಾದ ರಸ್ತೆಯಲ್ಲಿ ಮೂರು ಕಾಲಿನ ಯಂತ್ರ ನಿಲ್ಲಿಸಿಕೊಂಡು ಒಕ್ಕಣ್ಣಿನಿಂದ ನೋಡುತ್ತಿದ್ದ ಇಬ್ಬರು ಸಿಕ್ಕರು. ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ ರಸ್ತೆ ಅಳೆಯುತ್ತಿದ್ದೇವೆ ಎಂದರು.

"ರಸ್ತಾ ಅಳೆಯೋರು ರಸ್ತಾ ಅಳೀತೀವಿ ಅಂತ ಯಾಕ ಹೇಳ್ತಾರ?" ಎಂದ ನಿಜಾಮೋದ್ದೀನ. ಬಸ್ ಸ್ಟ್ಯಾಂಡಿನ ಎದುರಿಗೆ ಚಹಾದ ಹೋಟೆಲ್ ಇಟ್ಟಿರುವ ನನ್ನ ದೋಸ್ತ ಅವನು. "ಕಾಣಸ್ತದಲ್ಲ ಅಳೆಯೋದು! ಹೇಳಿದ್ರು ಅಂದಮ್ಯಾಲೆ ಅದರಾಗ ಏನೋ ಗಡಬಡ ಅದ ಗೋರಖಭಾಯ್."

ಅವನ ಮಾತಿನಲ್ಲಿ ತೂಕವಿತ್ತು. ಅಂದೇ ಸಂಜೆ ಹೋಟೆಲಿನಲ್ಲಿ ಸಭೆ ಸೇರಿತು. ಇಡೀ ಜಿಲ್ಲೆಯೇ ಬಂದಿತ್ತು ಅನ್ನಿ. ಬೆಂಚು ಸಾಲದೆ ಇಬ್ಬರು ನಿಂತಿದ್ದರು. ನಾನೇ ಎದ್ದು ಉಪಾಯ ಹೇಳಿದೆ.

"ಯಾರರೇ ಹೊಸಬರು ಬಂದು ಭೂಮಿ ಹ್ಯಾಂಗದ, ನೀರು ಹ್ಯಾಂಗದ ಅಂತ ಕೇಳಿದ್ರ, ಛಲೋ ಅದ ಅಂತ ಒಬ್ಬರೂ ಅನಬ್ಯಾಡ್ರಿ. ಎಲ್ಲಾ ಹಾಳಾಗ್ಯದ ಅನ್ರಿ. ಇಂಥಾ ಕೆಟ್ಟ ಜಾಗಾದಾಗ ಯಾವ ಕಂಪನಿನೂ ಕಾಲಿಡಬಾರದು."

"ನೀ ಹೇಳ್ತೀಯೇನ ಕೆಟ್ಟದಂತ?" ನಿಜಾಮೋದ್ದೀನ ನಕ್ಕ. "ನಿನ್ನ ಬಾಯಾಗ ಇಲಿ ಹೋದ್ರ ಆನಿ ಆಗಿ ಬರ್ತದ. ನಿನಗ ಇಳಿಸಿ ಹೇಳ್ಲಿಕ್ಕೆ ಬರ್ತದೇನ?"

"ನಾ ಇಳಿಸಿದ್ರ ಪಾತಾಳಕ್ಕ ಇಳಸ್ತೇನಿ," ಎಂದೆ.

ಅದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ಮಾತೂ ನಡೆದಿತ್ತು. ನನ್ನ ಅಕ್ಕ ಚಂದ್ರಭಾಗಾಳ ಮಗ ನಾಗಸೇನ ಔರಾದದ ದನದ ದವಾಖಾನೆಯಲ್ಲಿ ಕೆಲಸ ಮಾಡುತ್ತಾನೆ. ಭಾಲ್ಕಿಯ ಪೂನಮ ಎಂಬ ನರ್ಸಿನ ಮೇಲೆ ಅವನಿಗೆ ಮನಸ್ಸಾಗಿತ್ತು, ಅವಳಿಗೂ ಅವನ ಮೇಲೆ. ನಾವು ಹೋಗಿ ಹುಡುಗಿಯನ್ನು ನೋಡಿ ಬಂದಿದ್ದೆವು. ಅವಳ ತಂದೆ ಕೈಮುಗಿದು, "ನಮ್ಮ ಅಕ್ಕ ಊರಾಗಿಲ್ರಿ, ಆಕಿ ಬಂದು ಹೂಂ ಅಂದಮ್ಯಾಲೆ ತಿಳಸ್ತೇವಿ," ಎಂದು ಚಹಾ ಕೊಟ್ಟು ಕಳಿಸಿದ್ದ.

ನಮ್ಮ ಕಡೆ ಇದರ ಅರ್ಥ ಎಲ್ಲರಿಗೂ ಗೊತ್ತು. ಹೆಣ್ಣಿನ ಕಡೆಯವರು ಹೇಳದೆ ಕೇಳದೆ ಹುಡುಗನ ಊರಿಗೆ ಬರುತ್ತಾರೆ. ಕಟಿಂಗ್ ಅಂಗಡಿಯಲ್ಲಿ ಕೂತು, ಹೋಟೆಲಿನಲ್ಲಿ ನಾಲ್ಕು ಮಂದಿಗೆ ಚಹಾ ಕುಡಿಸಿ, ಹುಡುಗ ಕುಡಿಯುತ್ತಾನೋ, ಇಸ್ಪೀಟು ಆಡುತ್ತಾನೋ ಎಂದು ಮೆಲ್ಲಗೆ ಮಾತು ತೆಗೆಯುತ್ತಾರೆ. ನನಗೆ ಇದು ಗೊತ್ತಿಲ್ಲದ್ದೇ? ಅದಕ್ಕೂ ಊರವರನ್ನು ತಯಾರು ಮಾಡಿದ್ದೆ. ನಾಗಸೇನನ ಬಗ್ಗೆ ಕೇಳಿದರೆ ಬಂಗಾರ ಅನ್ನಿರಿ, ಭೂಮಿ ಬಗ್ಗೆ ಕೇಳಿದರೆ ಮಣ್ಣು ಅನ್ನಿರಿ. ಇಷ್ಟು ಸರಳವಾದ ಮಾತನ್ನು ಜಗತ್ತಿನಲ್ಲಿ ಯಾರೂ ಹೇಳಿರಲಿಕ್ಕಿಲ್ಲ.

ಒಂದು ಮಧ್ಯಾಹ್ನ ಭಾಲ್ಕಿ ಬಸ್ಸಿನಿಂದ ಒಬ್ಬ ಹೆಂಗಸು ಇಳಿದಳು. ಗಟ್ಟಿ ಆಳು. ಕಪ್ಪು ಛತ್ರಿ, ದೊಡ್ಡ ಚೀಲ, ಕಣ್ಣಿಗೆ ಕನ್ನಡಕ. ಇಳಿದವಳು ಎಲ್ಲರಂತೆ ಸೆರಗು ಕೊಡವಲಿಲ್ಲ, ಯಾರ ಮನೆ ಎಲ್ಲಿ ಎಂದು ಕೇಳಲಿಲ್ಲ. ನಿಂತು ಊರನ್ನು ಒಮ್ಮೆ ಈ ಕಡೆಯಿಂದ ಆ ಕಡೆಗೆ ಓದಿದಳು. ಆಮೇಲೆ ಹೋಟೆಲಿಗೆ ಬಂದು ಒಂದೇ ಚಹಾ ಹೇಳಿದಳು, ತನಗೆ ಮಾತ್ರ. ಅಲ್ಲಿಗೇ ನನ್ನ ಕಿವಿ ನೆಟ್ಟಗಾಯಿತು: ಇವಳು ಹೆಣ್ಣಿನ ಕಡೆಯವಳಲ್ಲ, ಕಂಪನಿಯವಳು.

"ಈ ಊರಿನ ಭೂಮಿ ಹ್ಯಾಂಗದರಿ?" ಎಂದು ನಿಜಾಮೋದ್ದೀನನನ್ನು ಕೇಳಿದಳು.

ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

"ಭೂಮಿ ಎಲ್ಲ್ಯದರಿ ಅಮ್ಮಾ," ಅಂದ ಅವನು. "ಖಾಲಿ ಕಲ್ಲು. ಸೋಯಾ ಹಾಕಿದ್ರ ಅದೂ ಕಲ್ಲಾಗಿ ಬರ್ತದ."

"ಬರುವಾಗ ತೊಗರಿ ಎದಿಮಟ ಕಂಡ್ತಲ್ಲ?"

"ಅದು ದೂರಿಂದ್ರಿ. ಹಂತ್ಯಾಕ ಹೋದ್ರ ಇರೋದಿಲ್ಲ."

ಆಕೆ ಚಹಾ ಮುಗಿಸಿ ಕಪ್ಪು ಕೆಳಗಿಟ್ಟಳು. ಮತ್ತೇನೂ ಕೇಳದೆ ಎದ್ದು ನಡೆದಳು. ನಾನು ಹಿಂದೆಯೇ ಹೋದೆ, ನನಗೂ ಆ ಕಡೆಗೇ ಕೆಲಸವಿದೆ ಎಂಬಂತೆ.

ನೇರವಾಗಿ ನಮ್ಮ ಅಕ್ಕನ ಮನೆಯ ಅಂಗಳಕ್ಕೇ ಹೋದಳು! ಅಕ್ಕ ಆವತ್ತು ಮನೆಯಲ್ಲಿರಲಿಲ್ಲ. ಮಂಡಿ ನೋವು ತೋರಿಸಲು ಬೀದರಕ್ಕೆ ಹೋಗಿ, ಅಲ್ಲಿಯ ಚಿದ್ರಿ ಬಡಾವಣೆಯಲ್ಲಿ ಕೋಣೆ ಮಾಡಿಕೊಂಡಿರುವ ನನ್ನ ಮಗಳು ಸುಮನಳ ಹತ್ತಿರ ಉಳಿದಿದ್ದಳು. ಬಾಗಿಲಿಗೆ ಬೀಗ. ಹೆಂಗಸು ಆ ಕಡೆ ಈ ಕಡೆ ನೋಡಿ, ಚೀಲದಿಂದ ಅಳತೆಯ ಟೇಪು ತೆಗೆದು, ಬಾಗಿಲನ್ನು ಅಡ್ಡಡ್ಡ ಅಳೆದಳು! ಆಮೇಲೆ ಬಾವಿಗೆ ಹೋಗಿ ಅದರ ಕಟ್ಟೆಯ ಎತ್ತರ ಅಳೆದಳು. ಆಮೇಲೆ ಮೊಬೈಲಿನಲ್ಲಿ ಎರಡರ ಫೋಟೋ.

ನನ್ನ ಎದೆ ಹೊಡೆದುಕೊಂಡ ಸದ್ದು ಔರಾದಕ್ಕೆ ಕೇಳಿಸಿರಬೇಕು. ಜಗತ್ತಿನ ಅತಿ ದೊಡ್ಡ ಕಟ್ಟಡದ ಮೊದಲ ಕಲ್ಲು ನಮ್ಮ ಅಕ್ಕನ ಅಂಗಳದಲ್ಲೇ!

"ಏನ್ ಅಳಿಲಿಕತ್ತೀರಿ ಬಾಯೋರ?" ಎಂದೆ.

ಆಕೆ ಬೆಚ್ಚಲಿಲ್ಲ. ಟೇಪನ್ನು ಮೆಲ್ಲಗೆ ಸುತ್ತಿದಳು. "ಸುಮ್ಮನ. ಈ ಬಾವಿ ನೀರು ಹ್ಯಾಂಗದರಿ?"

"ನೀರು? ಆ ಬಾವ್ಯಾಗ ನೀರಂತ ಇರೋದು ವರ್ಷಕ್ಕ ಒಂದು ದಿನ. ಅದನ್ನ ಕುಡದ ಎಮ್ಮಿ ಹಾಲು ಮರೀತು, ಬಾಲ ಉದುರಿತು. ಒಂದು ಕಾಗಿ ಕುಡದು ಕೋಗಿಲಿ ಆಗಿ ಹಾಡಿ ಹಾಡಿ ಸತ್ತದ."

"ಹೌದ? ಈ ಮನಿ ಗ್ವಾಡಿ ಗಟ್ಟಿ ಅದನು?"

"ಗ್ವಾಡಿ ಅದಲ್ರಿ, ರೂಢಿಲೇ ನಿಂತದ. ಯಾರರೇ ಜೋರ ಸೀನಿದ್ರ ಬೀಳ್ತದ."

"ಮನ್ಯಾಗಿನ ಮಂದಿ?"

ಇಲ್ಲಿ ನಾನು ನಿಲ್ಲಬೇಕಿತ್ತು. ಆದರೆ ನನ್ನ ನಾಲಿಗೆ ಇಳಿಜಾರಿಗೆ ಬಿದ್ದ ಟ್ರ್ಯಾಕ್ಟರ್ ಟ್ರೇಲರಿನ ಹಾಗೆ. ಕಂಪನಿಯವರು ಹೆದರುವುದು ಕೋರ್ಟಿಗೆ ಮಾತ್ರ ಎಂದು ದುಬೈಯಲ್ಲಿ ಕಲಿತಿದ್ದೆ.

"ಅವರ ಸುದ್ದಿ ಕೇಳಬ್ಯಾಡ್ರಿ ಬಾಯೋರ. ಮೂರು ತಲಿಮಾರಿಂದ ಕೋರ್ಟು. ಈಗಿನ ಹುಡುಗನಂತೂ ಎಂಟು ಕೇಸ ಹಾಕ್ಯಾನ. ತಹಶೀಲ್ದಾರರ ಮ್ಯಾಲೊಂದು, ಬಸ್ಸಿನ ಮ್ಯಾಲೊಂದು, ಸ್ವಂತ ಮಾಮಾನ ಮ್ಯಾಲ ಎರಡು. ಅವನ ಅಂಗಳದಾಗ ಕಾಲಿಟ್ಟವರು ಸಾಯೋತನಕ ಬೀದರಕ್ಕ ತಾರೀಖಿಗೆ ಓಡ್ಯಾಡಬೇಕು."

"ಸ್ವಂತ ಮಾಮಾನ ಮ್ಯಾಲ ಎರಡು," ಎಂದು ಆಕೆ ಮೆಲ್ಲಗೆ ಪುನಃ ಹೇಳಿದಳು. "ನೀವು ಯಾರಾಗಬೇಕ್ರಿ?"

"ನಾನಾ? ಏನೂ ಆಗಬೇಕಿಲ್ರಿ. ದಾರಿಯಿಂದ ಹೊಂಟಿದ್ದೆ."

ಆಕೆ ನನ್ನ ಹೆಗಲ ಮೇಲಿನ ಕೇಸರಿ ಟವೆಲನ್ನೂ ಮುಖವನ್ನೂ ಒಂದಕ್ಕೊಂದು ಹೊಂದುತ್ತವೆಯೇ ಎಂಬಂತೆ ನೋಡಿ, ಛತ್ರಿ ಬಿಚ್ಚಿ ಹೊರಟುಹೋದಳು. ನಾನು ಹೋಟೆಲಿಗೆ ಮರಳಿ ಎಲ್ಲರೆದುರು ಮೀಸೆ ತಿರುವಿದೆ. ಒಬ್ಬನೇ ಒಬ್ಬ ಮನುಷ್ಯ ಬರಿ ಬಾಯಿಯಿಂದ ಭೂಮಿಯ ಮೇಲಿನ ಅತಿ ದೊಡ್ಡ ಕಟ್ಟಡವನ್ನು ಕಟ್ಟುವ ಮೊದಲೇ ಕೆಡವಿದ್ದು ಇತಿಹಾಸದಲ್ಲಿ ಅದೇ ಮೊದಲು.

ಸಂಜೆಯ ಬಸ್ಸಿಗೆ ನಾಗಸೇನ ಔರಾದದಿಂದ ಬಂದ. ಮುಖ ಬಿಳಿಚಿತ್ತು.

"ಮಾಮಾ, ನಾ ಯಾರ ಮ್ಯಾಲರೇ ಕೇಸ ಹಾಕೀನೇನು?"

ನಾನು ಚಹಾ ಕೆಳಗಿಟ್ಟೆ.

"ಪೂನಮನ ಫೋನ ಬಂದಿತ್ತು. ಅವರಪ್ಪನ ಅಕ್ಕ, ಶಾಲುಬಾಯಿ ಅತ್ತಿ, ಇವತ್ತ ನಮ್ಮೂರಿಗೆ ಬಂದು ಹೋಗ್ಯಾರಂತ. ಬಾವಿ ನೀರು ವಿಷ ಅಂತ, ಗ್ವಾಡಿ ಸೀನಿಗೆ ಬೀಳ್ತದಂತ, ನಾ ಎಂಟು ಕೇಸ ಹಾಕೀನಂತ. ಅವರ ಅಪ್ಪ ಅತ್ತಿ ಮಾತು ದಾಟೋದಿಲ್ಲ. ಐತವಾರ ಬೀದರದ ಒಂದು ಮನಿಯವರಿಗೆ ಮಾತು ಕೊಡೋರಿದ್ದಾರಂತ. ಪೂನಮ ಅಳ್ಳಿಕತ್ತಾಳ. ಯಾವ ಹರಾಮಖೋರ ಹೇಳ್ಯಾನ ಇದನ್ನ?"

ನಿಜಾಮೋದ್ದೀನ ಬಗ್ಗಿ ಸ್ಟೋವಿನ ಉರಿಯನ್ನು ಬಹಳ ಕಾಳಜಿಯಿಂದ ನೋಡತೊಡಗಿದ.

"ಹುಡುಗನ ಬಗ್ಗೆ ಆಕಿ ಒಂದು ಮಾತೂ ಕೇಳ್ಲಿಲ್ಲಲ್ಲ!" ಎಂದೆ ನಾನು. ಅಷ್ಟರಿಂದಲೇ ನಾಗಸೇನನಿಗೆ ಎಲ್ಲ ತಿಳಿಯಿತು. ಅವನು ಬೈಯಲಿಲ್ಲ. ಬೆಂಚಿನ ಮೇಲೆ ಕೂತು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬೈದಿದ್ದರೆ ನಾನು ಉತ್ತರ ಕೊಡುತ್ತಿದ್ದೆ.

ಮರುದಿನ ಮೊದಲ ಬಸ್ಸಿಗೆ ನಾನೂ ನಿಜಾಮೋದ್ದೀನನೂ ಭಾಲ್ಕಿಗೆ ಹೋದೆವು. ಶಾಲುಬಾಯಿ ಅಲ್ಲಿ ಲೇಡೀಸ್ ಟೇಲರ್. ಅಂಗಡಿಯಲ್ಲಿ ಹೊಲಿಗೆ ಯಂತ್ರದ ಹಿಂದೆ ಕೂತಿದ್ದಳು, ಕೊರಳಲ್ಲಿ ಅದೇ ಟೇಪು. ನಮ್ಮನ್ನು ಕಂಡರೂ ಕಾಲು ತುಳಿಯುವುದನ್ನು ನಿಲ್ಲಿಸಲಿಲ್ಲ.

"ಬರ್ರಿ, ದಾರಿಯಿಂದ ಹೊಂಟಿದ್ದವರು. ಇಲ್ಲಿಗೂ ದಾರಿ ಅದನು?"

"ಜೈ ಭೀಮ್ ಬಾಯೋರ. ನಿನ್ನೆ ಸ್ವಲ್ಪ ತಪ್ಪಾಗ್ಯದ. ನಾ ನಾಗಸೇನನ ಸೋದರಮಾವ."

"ಅದು ನಿನ್ನೇನ ಗೊತ್ತಾಗಿತ್ತು. ಹುಡುಗನ ಫೋಟೋ ನೋಡೀನಿ, ಮೂಗು ಒಂದೇ ಅದ." ಯಂತ್ರ ನಿಂತಿತು. "ಹುಡುಗನ ಬಗ್ಗೆ ಕೇಳಿದ್ರ ಇಡೀ ಊರು ಹೊಗಳ್ತದ, ಎಂಥಾವನಿದ್ರೂ. ಅದಕ್ಕ ನಾ ಎಂದೂ ಹುಡುಗನ ಬಗ್ಗೆ ಕೇಳಂಗಿಲ್ಲ. ಬಾವಿ ಕೇಳ್ತೇನಿ, ಗ್ವಾಡಿ ಕೇಳ್ತೇನಿ. ಆ ಮನಿ ಮ್ಯಾಲ ಊರಿನ ಮನಸ್ಸು ಹ್ಯಾಂಗದ ಅನ್ನೋದು ಅದರಾಗ ಹೊರಗ ಬೀಳ್ತದ. ನಿಮ್ಮೂರಾಗ ಒಬ್ಬನೂ ಒಂದು ಛಲೋ ಮಾತಾಡ್ಲಿಲ್ಲ. ಇಷ್ಟು ವರ್ಷದಾಗ ಇಂಥಾದ್ದು ನಾ ಕಂಡಿಲ್ಲ."

"ಅದು ಸುಳ್ರಿ ಬಾಯೋರ! ಆ ಬಾವಿ ನೀರಂದ್ರ ಅಮೃತ. ಮುದುಕರು ಕುಡದ್ರ ಹಲ್ಲು ಹೊಸಾವು ಬರ್ತಾವ. ಬ್ಯಾಸಿಗ್ಯಾಗ ಔರಾದ ಪೂರಾ ಅದರಿಂದ್ಲೇ ಜೀವಾ ಹಿಡದದ. ಗ್ವಾಡಿ ಅಂದ್ರ ಬೀದರ ಕೋಟಿ ಗ್ವಾಡಿ ಅದರ ಮುಂದ ಕಾಗದ..."

ನಿಜಾಮೋದ್ದೀನ ನನ್ನ ಅಂಗಿ ಜಗ್ಗಿದ. "ನಕ್ಕೋ ಭಾಯ್, ಬ್ಯಾಡ, ನಕ್ಕೋ!"

"ನಿನ್ನೆ ವಿಷ, ಇವತ್ತ ಅಮೃತ," ಎಂದಳು ಶಾಲುಬಾಯಿ. "ಒಂದು ರಾತ್ರಿದಾಗ ಬಾವಿ ಬದಲಿ ಮಾಡಿಸಿದ್ರೇನು?"

ಕಂಪನಿಯ ಸುದ್ದಿಯನ್ನು ನಾವು ಆಗ ಹೇಳಿದೆವು. ಜಗತ್ತಿನ ಅತಿ ದೊಡ್ಡ ಕಟ್ಟಡ, ರಸ್ತೆಯ ಮೇಲಿನ ಮೂರು ಕಾಲಿನ ಯಂತ್ರ, ಆಕೆಯ ಟೇಪು, ಎಲ್ಲ. ಆಕೆ ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಆ ಸುದ್ದಿ ನಮ್ಮ ಭಾಲ್ಕಿ ಬಸ್ ಸ್ಟ್ಯಾಂಡಿನಾಗ ಹುಟ್ಟಿದ್ದು. ನಾನೇ ಕೇಳೀನಿ. ಯಾರೋ ಒಬ್ಬಾವ ಬೆಂಚಿನ ಮ್ಯಾಲ ಕುಂತು, ದುಬೈದಾಗಿಂದೇನು ಮಹಾ, ನಮ್ಮೂರಾಗ ಅದರಪ್ಪ ಏಳ್ಳಿಕತ್ತದ, ಚಂದ್ರನಿಂದ ಕಾಣಸ್ತದ ಅಂತ ಹೇಳ್ಳಿಕತ್ತಿದ್ದ. ಹೆಗಲ ಮ್ಯಾಲ ಕೇಸರಿ ಟವೆಲ್ ಇತ್ತು."

ನಿಜಾಮೋದ್ದೀನ ತಿರುಗಿ ನನ್ನ ಹೆಗಲನ್ನು ನೋಡಿದ. ನಾನು ಟವೆಲಿನಿಂದ ಮುಖ ಒರೆಸಿ, ಹಾಗೇ ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡೆ. ಕೇಸರಿ ಟವೆಲ್ ಈ ಜಿಲ್ಲೆಯಲ್ಲಿ ಲಕ್ಷ ಜನರ ಹತ್ತಿರ ಇದೆ.

"ಅಲ್ಲಾ! ನೀನೇ ಬಿಟ್ಟಿದ್ದು, ಊರು ಸುತ್ತಿ ನಿನ್ನ ಹತ್ರಾನೇ ಬಂತು, ನೀನೇ ಹೆದರಿದಿ," ಎಂದ ನಿಜಾಮೋದ್ದೀನ.

"ಬರುವಾಗ ಬಹಳ ಬೆಳದು ಬಂದಿತ್ತು," ಎಂದೆ. "ಗುರ್ತು ಸಿಗಲಿಲ್ಲ."

ಶಾಲುಬಾಯಿ ನಗಲಿಲ್ಲ. ನಗುವ ಹೆಂಗಸೇ ಅಲ್ಲ. ಯಂತ್ರದ ಮೇಲೆ ಬಗ್ಗಿ ಕೆಳದನಿಯಲ್ಲಿ ಕೇಳಿದಳು:

"ಕಂಪನಿ ಮಾತು ಇರ್ಲಿ. ನನ್ನ ಸಂಶಯ ಬ್ಯಾರೇನ ಅದ. ನಿಮಗ ಲಗ್ನಕ್ಕ ಬಂದ ಮಗಳದಾಳೇನು?"

"ಅದಾಳ್ರಿ. ಸುಮನ. ಬೀದರದಾಗ ವಕೀಲಿ ಮಾಡ್ತಾಳ."

"ಅದು ಹೇಳ್ರಿ!" ಆಕೆ ಹಿಂದಕ್ಕೆ ಒರಗಿದಳು. "ಸೋದರಮಾವನ ಮಗಳು. ಹುಡುಗನ ಮ್ಯಾಲ ಮೊದಲ ಹಕ್ಕು ನಿಮ್ಮದು. ಹುಡುಗ ಛಲೋ ಇದ್ದಾನ, ನೌಕರಿ ಅದ, ಹೊರಗಿನವರು ಬಂದು ಒಯ್ಯಬಾರದು ಅಂತ ಊರಿಗೆಲ್ಲಾ ಹೇಳಿಕೊಟ್ಟು ಹೆಸರು ಕೆಡಿಸೀರಿ. ಈಗ ಹುಡುಗಗ ಸಿಟ್ಟು ಬಂದದ, ಅದಕ್ಕ ಓಡಿ ಬಂದೀರಿ. ಹೌದಲ್ಲೋ?"

ಇಷ್ಟು ಚೆಂದದ ಸುಳ್ಳನ್ನು ನಾನು ಕೂಡ ಎಂದೂ ಕಟ್ಟಿರಲಿಲ್ಲ. ಎಲ್ಲ ಕಲ್ಲೂ ಅದರದರ ಜಾಗದಲ್ಲಿ ಕೂತಿತ್ತು. ಒಂದು ಕ್ಷಣ ನನಗೇ ನನ್ನ ಮೇಲೆ ಸಂಶಯ ಬಂತು.

"ಬುದ್ಧನ ಆಣಿ ಬಾಯೋರ, ಹಾಂಗಿಲ್ಲ. ಅವರಿಬ್ಬರೂ ಒಂದೇ ತಾಟಿನಾಗ ಉಂಡು ಬೆಳದಾರ, ಅಣ್ಣ-ತಂಗಿ ಇದ್ದಂಗ..."

"ನಿಮ್ಮ ಮಾತು ಸಾಕು. ಆಕಿ ನಂಬರ್ ಹಚ್ಚಿಕೊಡ್ರಿ. ನೀವು ಬಾಯಿ ತೆಗೀಬ್ಯಾಡ್ರಿ."

ನಂಬರ್ ಹಚ್ಚಿ ಕೊಟ್ಟೆ. ಆಕೆ ಸ್ಪೀಕರ್ ಹಾಕಿ ಮೊಬೈಲನ್ನು ಯಂತ್ರದ ಮೇಲಿಟ್ಟಳು. ಆ ಕಡೆಯಿಂದ ಸುಮನಳ ದನಿ, ಹಿಂದೆ ಕೋರ್ಟಿನ ಗದ್ದಲ.

"ಅಪ್ಪಾ, ಏನು? ಇನ್ನೇನು ಮಾಡಿದಿ?"

"ನಾ ನಿಮ್ಮಪ್ಪ ಅಲ್ಲ, ಭಾಲ್ಕಿಂದ ಮಾತಾಡ್ಲಿಕತ್ತೀನಿ. ನಿಮ್ಮ ಅತ್ತಿ ಮನಿ ಬಾವಿ ನೀರು ಹ್ಯಾಂಗದವ್ವಾ?"

"ಯಾರ್ರಿ ನೀವು? ಅಪ್ಪನ ಫೋನ್ಯಾಗ ಬಾವಿ ಸುದ್ದಿ ಯಾಕ ಕೇಳ್ತೀರಿ?"

ಶಾಲುಬಾಯಿಯ ಹುಬ್ಬು ಏರಿತು. "ಮೊದಲ ಹೇಳು. ಆಮ್ಯಾಲ ಹೇಳ್ತೇನಿ."

"ಸವಿ ಅದರಿ. ಬ್ಯಾಸಿಗ್ಯಾಗ ತಳ ಕಾಣಸ್ತದ, ಆವಾಗ ಸ್ವಲ್ಪ ರಾಡಿ ಬರ್ತದ, ಸೋಸಿ ಕುಡೀಬೇಕು. ಈಗ ಹೇಳ್ರಿ, ಅಪ್ಪ ಏನು ಹೇಳ್ಯಾನ? ಏನ ಹೇಳಿದ್ರೂ ನಂಬಬ್ಯಾಡ್ರಿ."

"ನಾಗಸೇನ ಎಂಟು ಕೇಸ ಹಾಕ್ಯಾನ ಅಂದಾರ."

ಆ ಕಡೆ ಎಷ್ಟು ಜೋರಾಗಿ ನಕ್ಕಳೆಂದರೆ ಯಂತ್ರದ ಮೇಲಿನ ದಾರದ ರೀಲು ಉರುಳಿ ಕೆಳಗೆ ಬಿತ್ತು. "ನಾಗ್ಯಾ? ಅವ ಕೋರ್ಟಿನ ಗೇಟ್ ನೋಡಿಲ್ರಿ! ನನಗೇ ಇನ್ನಾ ಒಂದು ಸ್ವಂತ ಕೇಸ ಸಿಕ್ಕಿಲ್ಲ. ಅವನವು ಎಂಟು ಇದ್ದಿದ್ರ ನಾ ಆಫೀಸ ತೆಗೀತಿದ್ದೆ."

"ನೀ ಅವನ್ನ ಮಾಡ್ಕೊಳ್ಳಾಕಿ ಏನು? ಸೋದರಮಾವನ ಮಗಳು."

"ನಾನಾ? ಅವನ್ನ? ದನಕ್ಕ ಸೂಜಿ ಹಾಕೋ ಅಭ್ಯಾಸ ಮೊದಲ ನನ್ನ ಗೊಂಬಿಗಳ ಮ್ಯಾಲ ಮಾಡ್ಯಾನ್ರಿ ಅವ. ಅವ ಪೂನಮ ಪೂನಮ ಅಂತ ಒಂದು ವರ್ಷದಿಂದ ನನ್ನ ತಲಿ ತಿಂದಾನ. ತಡೀರಿ, ನೀವು ಪೂನಮನ ಅತ್ತಿ ಏನು? ಖರೇನ ನೀವೇ ಏನು? ಅಪ್ಪ ಯಾರಿಗರೇ ಹೇಳಿ ಮಾತಾಡಿಸ್ಲಿಕತ್ತಾನೇನು?"

ಆಗ, ನಂಬಿದರೆ ನಂಬಿರಿ, ಶಾಲುಬಾಯಿಯ ತುಟಿಯ ಒಂದು ಮೂಲೆ ಸೂಜಿಯ ಮೊನೆಯಷ್ಟು ಮೇಲಕ್ಕೆ ಹೋಯಿತು. ಫೋನಿಟ್ಟು ನನ್ನ ಕಡೆ ತಿರುಗಿದಳು.

"ಸ್ವಂತ ಅಪ್ಪನ ನಂಬಂಗಿಲ್ಲ, ನನ್ನನ್ನೂ ನಂಬ್ಲಿಲ್ಲ. ಆ ಮನ್ಯಾಗ ಒಬ್ಬಾಕಿ ಶಾಣ್ಯಾಕಿ ಅದಾಳ. ರಾಡಿ ಬರ್ತದ ಅಂತ ಹೇಳಿದಳಲ್ಲ, ಅದು ಖರೇ ಮಾತು. ಅಮೃತ ಅಂದಿದ್ರ ಇಲ್ಲಿಗೇ ಮುಗೀತಿತ್ತು."

"ಅಂದಮ್ಯಾಲ ಐತವಾರ..."

"ಐತವಾರ ಬೀದರದವರಿಗೆ ಬರಬ್ಯಾಡ್ರಿ ಅಂತ ಹೇಳ್ತೇನಿ. ಆದ್ರ ಹೂಂ ಅನ್ನೋದಿಲ್ಲ. ಬಾಗಿಲದ್ದು ಉಳದದ."

"ಯಾವ ಬಾಗಿಲ್ರಿ?"

ಪೂನಮ ತನ್ನ ಸಂಬಳದಲ್ಲಿ ಒಂದು ಕಪಾಟು ಕೊಂಡಿದ್ದಾಳೆ. ಅವಳ ಬಟ್ಟೆ, ಪುಸ್ತಕ, ನರ್ಸಿಂಗ್ ಓದುವಾಗಿನ ಸಾಮಾನು, ಎಲ್ಲ ಅದರೊಳಗೆ. ಅದನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿದ್ದಾಳೆ. ಶಾಲುಬಾಯಿ ಬಾಗಿಲು ಅಳೆದದ್ದು ಅದಕ್ಕೇ; ಬಾವಿಯ ಕಟ್ಟೆ ಅಳೆದದ್ದು ಹುಡುಗಿ ನೀರು ಸೇದುವಾಗ ಜಾರಿ ಬೀಳಬಾರದೆಂದು. ನಮ್ಮ ಅಕ್ಕನ ಬಾಗಿಲು ಕಪಾಟಿಗಿಂತ ಇಕ್ಕಟ್ಟು.

"ನಮ್ಮ ಹುಡುಗಿ ಕಪಾಟು ಹೊರಗ ನಿಂತು, ಆಕಿ ಒಳಗ ಹೋಗಬಾರದು. ಬಾಗಿಲು ಅಗಲ ಆದ ದಿನ ನನಗ ತಿಳಸ್ರಿ. ಬಂದು ಅಳೀತೇನಿ. ನಿಮ್ಮ ಮಾತಿನ ಮ್ಯಾಲ ಅಲ್ಲ, ನನ್ನ ಟೇಪಿನ ಮ್ಯಾಲ."

ಆ ಬಾಗಿಲು ಹೇಗಾಯಿತು ಎಂದು ಕೇಳಬೇಡಿ. ಅಕ್ಕ ಚಿದ್ರಿಯಿಂದ ಮರಳಿ ಬಂದಾಗ ಮುಂದಿನ ಗೋಡೆಯೇ ಇರಲಿಲ್ಲ. "ಗೋರಖ್ಯಾ, ಏನೋ ಇದು, ನನ್ನ ಮನಿ ಎಲ್ಲಿ?" ಎಂದು ಅಂಗಳದಲ್ಲೇ ಕೂತುಬಿಟ್ಟಳು. ಮಗನ ಲಗ್ನದ ಮಾತು ಹೇಳಿದ ಮೇಲೆ ಅವಳೇ ಎದ್ದು ಸೆರಗು ಕಟ್ಟಿ ಕಲ್ಲು ಕೊಟ್ಟಳು, ನನ್ನನ್ನು ಬೈಯುತ್ತಲೇ. ನಾಗಸೇನ ರಜೆ ಹಾಕಿ ಮಣ್ಣು ಹೊತ್ತ. ನಿಜಾಮೋದ್ದೀನ ಹೋಟೆಲ್ ಮುಚ್ಚಿ ಬಂದು, ಕೆಲಸ ಮಾಡದೆ ಸಲಹೆ ಕೊಟ್ಟ. ನಾನು ದುಬೈಯಲ್ಲಿ ಕಲಿತದ್ದನ್ನೆಲ್ಲ ಆ ಬಾಗಿಲಿಗೆ ಸುರಿದೆ. ಚೀನಾದ ಗೋಡೆ ಉದ್ದವಿರಬಹುದು, ಪಿರಮಿಡ್ಡು ಭಾರವಿರಬಹುದು. ಆದರೆ ಮನುಷ್ಯ ಕಟ್ಟಿದ ಬಾಗಿಲುಗಳಲ್ಲಿ ಅದಕ್ಕಿಂತ ಅಗಲದ್ದು ಈ ಭೂಮಿಯ ಮೇಲಿಲ್ಲ. ಎರಡು ಆನೆ ಜೋಡಿಯಾಗಿ, ಮಾತಾಡುತ್ತ ಒಳಗೆ ಹೋಗಬಹುದು. ಚಿಂತಾಕಿಯವರು ನೋಡಲು ಬಂದು, ಕಂಪನಿಯವರು ಕಟ್ಟುತ್ತಾರೆ ಎಂದದ್ದು ಇದೇ ಇರಬೇಕು ಎಂದು ಹೇಳಿಕೊಂಡು ಹೋದರು.

ಶಾಲುಬಾಯಿ ಹೇಳಿದಂತೆ ಬಂದಳು. ಈ ಸಲ ಪೂನಮಳೂ ಜೊತೆಗಿದ್ದಳು. ಅವಳು ನಾಗಸೇನನ ಮಣ್ಣಾದ ಕೈ ನೋಡಿ ತಲೆ ತಗ್ಗಿಸಿ ನಕ್ಕಳು. ಶಾಲುಬಾಯಿ ಯಾರ ಕಡೆಗೂ ನೋಡದೆ ಬಾಗಿಲಿಗೆ ಟೇಪು ಹಿಡಿದಳು. ಕೆಳಗೆ ಒಮ್ಮೆ, ನಡುವೆ ಒಮ್ಮೆ, ಸ್ಟೂಲು ಹತ್ತಿ ಮೇಲೆ ಒಮ್ಮೆ. ಆಮೇಲೆ ಬಾವಿಗೆ ಹೋಗಿ ಕೊಡ ಇಳಿಸಿ ನೀರು ಸೇದಿ, ಬೊಗಸೆಯಲ್ಲಿ ಕುಡಿದು, ಬಾಯಲ್ಲಿ ಸ್ವಲ್ಪ ಹೊತ್ತು ಹಿಡಿದು ನುಂಗಿದಳು.

ಇಡೀ ಊರು ಅಂಗಳದ ಸುತ್ತ ನೆರೆದಿತ್ತು. ನನ್ನ ನಾಲಿಗೆ ತುರಿಸುತ್ತಿತ್ತು. ನಾಗಸೇನ ಕಣ್ಣಿನಲ್ಲೇ ನನ್ನನ್ನು ಬೇಡಿಕೊಳ್ಳುತ್ತಿದ್ದ.

"ಹ್ಯಾಂಗದರಿ ನೀರು?" ಎಂದು ಶಾಲುಬಾಯಿ ನನ್ನನ್ನೇ ಕೇಳಿದಳು.

ನಾನು ಟವೆಲನ್ನು ಎರಡೂ ಕೈಯಲ್ಲಿ ಹಿಂಡಿದೆ.

"ಸವಿ ಅದರಿ," ಎಂದೆ. "ಬ್ಯಾಸಿಗ್ಯಾಗ ರಾಡಿ ಬರ್ತದ."

ಆಕೆ ನನ್ನ ಬಾಯಿಯನ್ನೇ ನೋಡುತ್ತ ಕಾದಳು, ಇನ್ನೇನಾದರೂ ಹೊರಬೀಳುತ್ತದೋ ಎಂದು. ಬೀಳಲಿಲ್ಲ. ಕೊನೆಗೆ ಟೇಪು ಸುತ್ತಿ ಚೀಲಕ್ಕೆ ಹಾಕಿ, ಅಕ್ಕನ ಕಡೆ ತಿರುಗಿದಳು.

"ಚಂದ್ರಭಾಗಾಬಾಯಿ, ಕಪಾಟು ಯಾವಾಗ ಕಳಸ್ಲಿ?"

ಲಗ್ನಕ್ಕೆ ಎಷ್ಟು ಜನ ಬಂದಿದ್ದರು ಎಂದು ನಾನು ಹೇಳುವುದಿಲ್ಲ. ಸುಮನ ಪಕ್ಕದಲ್ಲೇ ಕೂತಿದ್ದಾಳೆ. ಕಪಾಟು ಮಾತ್ರ ಆ ಬಾಗಿಲಿನಿಂದ ಎಲ್ಲಿಯೂ ತಾಗದೆ ಒಳಗೆ ಹೋಯಿತು. ಅದರ ಹಿಂದೆ ಪೂನಮ ಹೋದಳು. ಪೂನಮಳ ಹಿಂದೆ ಶಾಲುಬಾಯಿ. ಹೊಸ್ತಿಲಲ್ಲಿ ನಿಂತು ಆಕೆ ಹೊಸ ಗೋಡೆಗೆ ಬೆರಳಿನಿಂದ ಮೂರು ಸಲ ಬಡಿದಳು. ಆಮೇಲೆ ನನ್ನ ಕಡೆ ನೋಡುತ್ತ, ಜೋರಾಗಿ ಸೀನಿದಳು.

ಗೋಡೆ ನಿಂತಿತು.